ಕಣ್ಣು ಕಾಣದ ದೇವರಿಗೆ ಬಡಿಸುವ ಅನ್ನ

ಡಿಸೆಂಬರ್ 5. ಜಪಾನ್ ಸಮುದ್ರದೊಳಕ್ಕೆ ಚಾಚಿಕೊಂಡಿರುವ ನೊತೊ ಪರ್ಯಾಯದ್ವೀಪದಲ್ಲಿ ಕೊಯ್ಲು ಮುಗಿದು ಗದ್ದೆಗಳು ಬೋಳಾಗಿವೆ. ಮನೆಯ ಯಜಮಾನ ಹಬ್ಬದ ಉಡುಪು ತೊಟ್ಟು ಗದ್ದೆಗೆ ಹೋಗುತ್ತಾನೆ. ಗುದ್ದಲಿಯಿಂದ ಮಣ್ಣು ಕೆದಕಿ ಗದ್ದೆಯ ದೇವರನ್ನು ಕರೆಯುತ್ತಾನೆ. ಬರುವವರು ದಂಪತಿ. ಅವರು ಯಾರಿಗೂ ಕಾಣುವುದಿಲ್ಲ, ಅವರಿಗೂ ಕಣ್ಣು ಕಾಣುವುದಿಲ್ಲ. ತೆನೆಯ ಮೊನೆ ಚುಚ್ಚಿ ದೃಷ್ಟಿ ಹೋಯಿತೆಂದು ಕೆಲವರು ಹೇಳಿದರೆ, ಬಹುಕಾಲ ಮಣ್ಣಿನ ಕತ್ತಲಲ್ಲಿ ಇದ್ದದ್ದಕ್ಕೆ ಎಂದು ಇನ್ನು ಕೆಲವರು ಹೇಳುತ್ತಾರೆ. ಹೀಗಾಗಿ ಯಜಮಾನ ದಾರಿಯುದ್ದಕ್ಕೂ ಹುಷಾರು ಹೇಳುತ್ತ ಕರೆತರುತ್ತಾನೆ: ಇಲ್ಲಿ ಹೊಸ್ತಿಲಿದೆ, ಇಲ್ಲಿ ಮೆಟ್ಟಿಲಿದೆ. ಒಲೆಯ ಬಳಿ ಕೂರಿಸಿ ಚಳಿ ಬಿಡಿಸುತ್ತಾನೆ, ಬಿಸಿನೀರ ಸ್ನಾನಕ್ಕೆ ಕಳಿಸುತ್ತಾನೆ. ಆಮೇಲೆ ಊಟ. ಇದು ಅನ್ನ, ಇದು ಮೀನು, ಇದು ಮೂಲಂಗಿ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳಿ ಬಡಿಸುತ್ತಾನೆ. ದೇವರ ಪೀಠ ಎಂದರೆ ಮುಂದಿನ ವರ್ಷಕ್ಕೆ ತೆಗೆದಿಟ್ಟ ಬಿತ್ತನೆ ಭತ್ತದ ಮೂಟೆ. ಚಳಿಗಾಲವಿಡೀ ದೇವರು ಮನೆಯಲ್ಲೇ ಇರುತ್ತಾರೆ. ಫೆಬ್ರುವರಿ 9ಕ್ಕೆ ಮತ್ತೆ ಸ್ನಾನ, ಮತ್ತೆ ಊಟ, ಬೀಳ್ಕೊಡುಗೆ.

ಈ ಆಚರಣೆಯ ಹೆಸರು ಆಯೆ ನೊ ಕೊತೊ. 2009ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿತು. ಇಲ್ಲಿ ಪುರೋಹಿತರಿಲ್ಲ, ಮೆರವಣಿಗೆಯಿಲ್ಲ. ದುಡಿದು ದಣಿದ ಬಂಧುವನ್ನು ಮನೆಗೆ ಕರೆದು ಉಪಚರಿಸುವ ರೀತಿ ಅಷ್ಟೇ. ಅಕ್ಕಿಯ ಬಗ್ಗೆ ಜಪಾನಿಯರಿಗಿರುವ ಭಾವನೆಯನ್ನು ಇಷ್ಟು ಚೆನ್ನಾಗಿ ಹೇಳುವುದು ನನಗಂತೂ ಬೇರೆಲ್ಲೂ ಕಂಡಿಲ್ಲ.

ನಮ್ಮ ಹಾಗೆಯೇ ಅವರಿಗೂ ಗದ್ದೆಯಲ್ಲಿರುವುದಕ್ಕೆ, ಕಣಜದಲ್ಲಿರುವುದಕ್ಕೆ, ಬಟ್ಟಲಲ್ಲಿರುವುದಕ್ಕೆ ಬೇರೆಬೇರೆ ಹೆಸರು. ಭತ್ತಕ್ಕೆ ಇನೆ, ಅಕ್ಕಿಗೆ ಕೊಮೆ, ಅನ್ನಕ್ಕೆ ಗೊಹಾನ್. ಊಟಕ್ಕೂ ಗೊಹಾನ್ ಎಂದೇ ಹೆಸರು. ಬೆಳಗಿನದು ಆಸಾಗೊಹಾನ್, ಮಧ್ಯಾಹ್ನದ್ದು ಹಿರುಗೊಹಾನ್. ತಟ್ಟೆಯಲ್ಲಿರುವುದು ಬ್ರೆಡ್ಡಾದರೂ ಆ ಹೆಸರು ಬದಲಾಗುವುದಿಲ್ಲ. ಅವರ ಲಿಪಿಯಲ್ಲಿ ಅಕ್ಕಿ ಎಂಬ ಅಕ್ಷರವನ್ನು ಬಿಡಿಸಿದರೆ ಎಂಬತ್ತೆಂಟು ಎಂಬ ಸಂಖ್ಯೆಯ ಅಕ್ಷರಗಳು ಸಿಗುತ್ತವೆ. ಒಂದು ಕಾಳು ಬಟ್ಟಲಿಗೆ ಬರಲು ಎಂಬತ್ತೆಂಟು ಕೆಲಸ ಬೇಕು ಎಂದು ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಎಂಬತ್ತೆಂಟು ತುಂಬಿದವರಿಗೆ ಅಕ್ಕಿಯ ಹೆಸರಿನಲ್ಲೇ ಸಂಭ್ರಮ. ಚಕ್ರವರ್ತಿಯೂ ಅರಮನೆಯ ಆವರಣದ ಗದ್ದೆಯಲ್ಲಿ ನಾಟಿ ಮಾಡುತ್ತಾರೆ, 1927ರಲ್ಲಿ ಶೋವಾ ಚಕ್ರವರ್ತಿ ಆರಂಭಿಸಿದ ರೂಢಿ ಅದು. ನವೆಂಬರ್ 23ರಂದು ಹೊಸ ಅಕ್ಕಿಯನ್ನು ದೇವತೆಗಳಿಗೆ ಅರ್ಪಿಸಿ ತಾವೂ ಉಣ್ಣುತ್ತಾರೆ.

ಆದರೆ ಬೆಳೆದವರೆಲ್ಲ ಅನ್ನ ಉಂಡರೇ? ನೊತೊ ಸೀಮೆ ಹಿಂದೆ ಮಾಯೆದಾ ಮನೆತನದ ಕಾಗಾ ಸಂಸ್ಥಾನಕ್ಕೆ ಸೇರಿತ್ತು. ಆ ಕಾಲದಲ್ಲಿ ಸಂಸ್ಥಾನದ ಗಾತ್ರವನ್ನು ಅಳೆಯುತ್ತಿದ್ದದ್ದು ಅಕ್ಕಿಯ ಕೊಕು ಲೆಕ್ಕದಲ್ಲಿ. ಒಂದು ಕೊಕು ಎಂದರೆ ಸುಮಾರು 150 ಕಿಲೊ, ಒಬ್ಬನ ವರ್ಷದ ಅನ್ನ. ಕಾಗಾ ಹತ್ತು ಲಕ್ಷ ಕೊಕುವಿನ ಸಂಸ್ಥಾನವೆಂದು ಹೆಸರಾಗಿತ್ತು. ಕಂದಾಯಕ್ಕೂ ಅಕ್ಕಿ, ಸಮುರಾಯಿಯ ಸಂಬಳಕ್ಕೂ ಅಕ್ಕಿ. ಬೆಳೆದವನ ಮನೆಯಲ್ಲಿ ಮಾತ್ರ ಬಹಳ ಕಡೆ ಬಾರ್ಲಿ, ನವಣೆಗಳೇ ಬೇಯುತ್ತಿದ್ದವು. ಇತಿಹಾಸಕಾರ ಅಮಿನೊ ಯೊಶಿಹಿಕೊ ಇದೇ ನೊತೊದ ತೊಕಿಕುನಿ ಮನೆತನದ ಕಾಗದಪತ್ರಗಳನ್ನು ಓದಿ ಇನ್ನೊಂದು ಮಾತು ಹೇಳಿದರು. ಕಡತಗಳಲ್ಲಿ ರೈತರೆಂದು ಬರೆಸಿಕೊಂಡವರಲ್ಲಿ ಹಡಗಿನ ಒಡೆಯರಿದ್ದರು, ಉಪ್ಪು ಕಾಯಿಸುವವರಿದ್ದರು, ವ್ಯಾಪಾರಿಗಳಿದ್ದರು. ಜಪಾನ್ ಎಂದರೆ ಭತ್ತದ ಗದ್ದೆ ಎಂಬ ಚಿತ್ರದ ಬಹುಪಾಲು ಕಂದಾಯದ ಲೆಕ್ಕಪುಸ್ತಕದಿಂದ ಹುಟ್ಟಿದ್ದು. ಈ ಮಾತು ಅನ್ನದ ಮೇಲಿನ ಭಕ್ತಿಯನ್ನು ಕಡಿಮೆ ಮಾಡುವುದಿಲ್ಲ. ದಿನವೂ ಸಿಗದಿದ್ದ ಅನ್ನವನ್ನು ಹಬ್ಬದ ದಿನ ಬಡಿಸುವಾಗ ಯಜಮಾನನ ದನಿ ಯಾಕೆ ಅಷ್ಟು ಮೆದುವಾಗಿರುತ್ತದೆ ಎಂಬುದು ಆಗಲೇ ಅರ್ಥವಾಗುವುದು.

ನೊತೊದ ಪಕ್ಕದ ಕೊಲ್ಲಿಯ ಎದುರು ದಂಡೆಯಲ್ಲಿದೆ ಉವೋಜು ಪಟ್ಟಣ. 1918ರಲ್ಲಿ ಅಕ್ಕಿಯ ಬೆಲೆ ಗಗನಕ್ಕೇರಿದಾಗ ಅಲ್ಲಿಯ ಮೀನುಗಾರರ ಹೆಂಡಂದಿರು ಬಂದರಿಗೆ ನುಗ್ಗಿ, ಅಕ್ಕಿ ಹಡಗೇರದಂತೆ ತಡೆದರು. ಅಲ್ಲಿಂದ ಹಬ್ಬಿದ ಅಕ್ಕಿ ದಂಗೆ ದೇಶವನ್ನೆಲ್ಲ ಅಲುಗಾಡಿಸಿ ತೆರಾವುಚಿ ಸರ್ಕಾರವನ್ನೇ ಉರುಳಿಸಿತು. ಅಂದಿನಿಂದ ಅಲ್ಲಿ ಯಾವ ಸರ್ಕಾರವೂ ಅಕ್ಕಿಯನ್ನು ಕೇವಲ ಸರಕು ಎಂದುಕೊಂಡಿಲ್ಲ. 1942ರ ಕಾಯ್ದೆ ಅಕ್ಕಿಯ ಖರೀದಿ, ಹಂಚಿಕೆಗಳನ್ನು ಸರ್ಕಾರದ ಕೈಗೆ ಕೊಟ್ಟಿತು. ಯುದ್ಧ ಮುಗಿದ ಮೇಲೆ ಭೂಸುಧಾರಣೆ ಬಂದು ಗೇಣಿದಾರರು ಒಡೆಯರಾದರು. ಸರ್ಕಾರ ರೈತರಿಂದ ಹೆಚ್ಚಿನ ಬೆಲೆಗೆ ಕೊಂಡು ಪೇಟೆಗೆ ಕಡಿಮೆ ಬೆಲೆಗೆ ಕೊಟ್ಟಿತು. ಗದ್ದೆಗಳು ತುಂಬಿ ತುಳುಕಿದವು.

ಅಷ್ಟರಲ್ಲಿ ಊಟದ ತಟ್ಟೆ ಬದಲಾಗಿತ್ತು. 1962ರಲ್ಲಿ ಒಬ್ಬ ಜಪಾನಿ ವರ್ಷಕ್ಕೆ 118 ಕಿಲೊ ಅಕ್ಕಿ ಉಣ್ಣುತ್ತಿದ್ದ. ಇಂದು ಸುಮಾರು 50. ಗೋದಾಮಿನಲ್ಲಿ ಅಕ್ಕಿ ಮುಗ್ಗತೊಡಗಿದಾಗ, 1970ರಲ್ಲಿ ಗೆನ್‌ತಾನ್ ಬಂತು: ಭತ್ತ ಬೆಳೆಯಬೇಡಿ, ಬದಲಿಗೆ ಗೋಧಿ ಹಾಕಿ, ಸೋಯಾ ಹಾಕಿ, ಇಲ್ಲವೇ ಬೀಳುಬಿಡಿ, ಹಣ ಕೊಡುತ್ತೇವೆ. ಭತ್ತವನ್ನು ದೇವರೆಂದು ಮನೆಗೆ ಕರೆಯುವ ರೈತನಿಗೆ, ಅದೇ ದೇವರಿಗೆ ಬಾಗಿಲು ಹಾಕು ಎಂದು ಪ್ರತಿ ವರ್ಷ ನೆನಪಿಸಿದ ಈ ಪದ್ಧತಿ ಸುಮಾರು ಐವತ್ತು ವರ್ಷ ನಡೆಯಿತು. ಗದ್ದೆಗಳು ಚಿಕ್ಕವಾಗಿಯೇ ಉಳಿದವು. ವಾರವಿಡೀ ಕಚೇರಿಯಲ್ಲಿ ದುಡಿದು ಭಾನುವಾರ ಮಾತ್ರ ಗದ್ದೆಗಿಳಿಯುವವರು ಹೆಚ್ಚಿದರು. ಹೊರಗಿನ ಅಕ್ಕಿ ಬರದಂತೆ ಕಿಲೊಗೆ 341 ಯೆನ್ ಸುಂಕದ ಗೋಡೆ ಎದ್ದಿತು. ಆ ಗೋಡೆಯ ಒಳಗೆ ಅಕ್ಕಿ ಸುರಕ್ಷಿತವಾಗಿತ್ತು, ಬೆಳೆಯುವವರು ಮಾತ್ರ ಮುದುಕರಾಗುತ್ತ ಹೋದರು. 2020ರ ಗಣತಿಯಲ್ಲಿ ಕೃಷಿಯೇ ಮುಖ್ಯ ಕಸುಬಾದವರ ಸರಾಸರಿ ವಯಸ್ಸು 67.8.

ಎಷ್ಟು ಭತ್ತ ಬೆಳೆಯಬೇಕೆಂಬ ಗುರಿಯನ್ನು ಸರ್ಕಾರ ಪ್ರತಿ ವರ್ಷ ಹಂಚುವುದನ್ನು 2018ರಲ್ಲಿ ನಿಲ್ಲಿಸಿತು, ಬೇರೆ ಬೆಳೆಗೆ ಕೊಡುವ ಸಹಾಯಧನ ಮಾತ್ರ ಮುಂದುವರಿಯಿತು. 2023ರ ಬಿರುಬೇಸಿಗೆಗೆ ಕಾಳು ಕೆಟ್ಟದ್ದೇ ತಡ, ಮರುವರ್ಷ ಅಂಗಡಿಯ ಕಪಾಟುಗಳು ಖಾಲಿಯಾದವು. 2025ರ ಮೇ ಹೊತ್ತಿಗೆ ಐದು ಕಿಲೊ ಚೀಲದ ಬೆಲೆ 4000 ಯೆನ್ ದಾಟಿ, ಹಿಂದಿನ ವರ್ಷದ ಎರಡರಷ್ಟಾಗಿತ್ತು. ತಾನೆಂದೂ ಅಕ್ಕಿ ಕೊಂಡಿಲ್ಲ, ಬೆಂಬಲಿಗರೇ ಕೊಡುತ್ತಾರೆ ಎಂದ ಕೃಷಿ ಸಚಿವ ತಾಕು ಎತೋ ಅದೇ ತಿಂಗಳು ಕುರ್ಚಿ ಬಿಡಬೇಕಾಯಿತು. ಉತ್ಪಾದನೆ ಬೇಡಿಕೆಗೆ ಸಾಲುತ್ತಿಲ್ಲ, ಹೆಚ್ಚು ಬೆಳೆಯಬೇಕು ಎಂದು ಆಗಸ್ಟ್‌ನಲ್ಲಿ ಇಶಿಬಾ ಸರ್ಕಾರ ಒಪ್ಪಿಕೊಂಡಿತು. ಆದರೆ ಬೀಳುಬಿದ್ದ ಗದ್ದೆಯನ್ನು ಒಂದು ಆದೇಶದಿಂದ ಎಬ್ಬಿಸಲಾಗದು. ಬದುಗಳು, ಕಾಲುವೆಗಳು ಕೈ ಬೇಡುತ್ತವೆ.

ಇಲ್ಲಿ ನಮ್ಮ ಅಡುಗೆಮನೆಯ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಜಪಾನಿನ ಎರಡು ತಳಿಗಳನ್ನು ಕೂಡಿಸಿ, ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ತೈಚುಂಗ್ 65 ಎಂಬ ಭತ್ತ ಬೆಳೆಸಿದರು. ಅದನ್ನು ಮಲೇಷ್ಯಾದ ತಳಿಯೊಂದರ ಜೊತೆ ಬೆರೆಸಿದಾಗ ಹುಟ್ಟಿದ್ದು ಮಸೂರಿ. ಮಸೂರಿಯ ಮಗಳು ಸೋನಾ ಮಸೂರಿ. ನಾವು ದಿನವೂ ಉಣ್ಣುವ ಬಿಡಿಬಿಡಿ ಅನ್ನದಲ್ಲಿ, ಮುದ್ದೆಯಂತೆ ಅಂಟಿಕೊಳ್ಳುವ ಜಪಾನಿನ ಅನ್ನದ ರಕ್ತಸಂಬಂಧ ಇದೆ.

ಮತ್ತೆ ನೊತೊಗೆ ಬರೋಣ. ಅಲ್ಲಿನ ವಾಜಿಮಾ ಬಳಿ, ಕಡಲಿಗೆ ಇಳಿಯುವ ಗುಡ್ಡದ ಮೈಮೇಲೆ ಶಿರೊಯೊನೆ ಸೆನ್‌ಮಾಯಿದಾ ಇದೆ. ಹೆಸರಿಗೆ ಸಾವಿರ ಗದ್ದೆ, ಎಣಿಸಿದರೆ 1004. ಎಲ್ಲ ಸೇರಿ ಸುಮಾರು 4 ಹೆಕ್ಟೇರ್. ಟ್ರ್ಯಾಕ್ಟರ್ ಇಳಿಯಲು ಜಾಗವಿಲ್ಲ. ನಾಟಿ, ಕೊಯ್ಲು ಎಲ್ಲ ಕೈಯಲ್ಲೇ. ಊರವರ ಕೈ ಸಾಲದಾದಾಗ ಪಟ್ಟಣದವರು ವರ್ಷಕ್ಕಿಷ್ಟು ಹಣ ಕೊಟ್ಟು ಒಂದೊಂದು ಗದ್ದೆಗೆ ಒಡೆಯರಾಗುವ ಏರ್ಪಾಡು ಬಂತು. ಲಾಭದ ಲೆಕ್ಕ ಹಾಕಿದ್ದರೆ ಇದು ಎಂದೋ ಕಾಡಾಗುತ್ತಿತ್ತು. 2024ರ ಜನವರಿ 1ರಂದು 7.6 ತೀವ್ರತೆಯ ಭೂಕಂಪ ನೊತೊವನ್ನು ಕೆಡವಿತು. ಗದ್ದೆಗಳು ಸೀಳಿಹೋದವು, ನೀರಿನ ದಾರಿಗಳು ಮುರಿದವು. ಮನೆ ಕಳೆದುಕೊಂಡವರೇ ಮೊದಲು ಮಾಡಿದ ಕೆಲಸಗಳಲ್ಲಿ ಗದ್ದೆಯ ಬಿರುಕು ಮುಚ್ಚುವುದೂ ಒಂದು. ಆ ವರ್ಷದ ಮೇ ತಿಂಗಳಲ್ಲಿ 1004ರಲ್ಲಿ ಸುಮಾರು 120 ಗದ್ದೆಗಳಿಗೆ ಸಸಿ ಬಿತ್ತು. ಸೆಪ್ಟೆಂಬರಿನಲ್ಲಿ ಮಹಾಮಳೆ ಸುರಿದು ಗುಡ್ಡ ಮತ್ತೆ ಕುಸಿಯಿತು, ಜನ ಮತ್ತೆ ಗುದ್ದಲಿ ಹಿಡಿದು ಬದು ಕಟ್ಟಲು ಇಳಿದರು.