ನಿಂತೇ ಮಾಡಿಸಬೇಕಾದ ಸ್ಕ್ಯಾನ್

ಮೀನಖಂಡದ ಮೇಲೆ ಸುರುಳಿಸುತ್ತಿ ಉಬ್ಬಿ ನಿಲ್ಲುವ ನೀಲಿ ರಕ್ತನಾಳ ವೆರಿಕೋಸ್ ವೇನ್ ತೊಂದರೆಯ ಕಣ್ಣಿಗೆ ಕಾಣುವ ಭಾಗವಷ್ಟೆ. ಅದನ್ನು ಉಬ್ಬಿಸಿದ ದೋಷ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಎಷ್ಟೋ ಜನರಲ್ಲಿ ಅದು ಇನ್ನೂ ಮೇಲೆ, ತೊಡೆಸಂದಿನಲ್ಲಿ, ಚರ್ಮದ ಅಡಿ ಕಾಣದ ಜಾಗದಲ್ಲಿ ಇರುತ್ತದೆ. ಆ ಮೂಲವನ್ನು ಹುಡುಕುವ ಪರೀಕ್ಷೆಯೇ ಕಾಲಿನ ಅಭಿಧಮನಿಗಳ ಡಾಪ್ಲರ್ ಸ್ಕ್ಯಾನ್.

ಪಾದದಿಂದ ಹೃದಯದತ್ತ ಮರಳುವ ರಕ್ತ ಗುರುತ್ವಾಕರ್ಷಣೆಗೆ ಎದುರಾಗಿ ಮೇಲೇರಬೇಕು. ಅದರಲ್ಲಿ ಹೆಚ್ಚಿನ ಪಾಲು ಸ್ನಾಯುಗಳ ನಡುವೆ ಹಾದುಹೋಗುವ ಆಳದ ಅಭಿಧಮನಿಗಳ ಮೂಲಕವೇ ಸಾಗುತ್ತದೆ. ಚರ್ಮಕ್ಕೆ ಹತ್ತಿರವಾಗಿ ಎರಡು ಮುಖ್ಯ ನಾಳಗಳಿವೆ. ಕಾಲಿನ ಒಳಮಗ್ಗುಲಲ್ಲಿ ಪಾದದ ಗಿಣ್ಣಿನಿಂದ ತೊಡೆಸಂದಿನವರೆಗೆ ಹೋಗುವುದು ಗ್ರೇಟ್ ಸ್ಯಾಫಿನಸ್. ಮೀನಖಂಡದ ಹಿಂದೆ ಮಂಡಿಯತ್ತ ಏರುವುದು ಸ್ಮಾಲ್ ಸ್ಯಾಫಿನಸ್. ಮೇಲ್ಪದರಕ್ಕೂ ಆಳಕ್ಕೂ ಸಂಪರ್ಕ ಕಲ್ಪಿಸುವ ಸಣ್ಣ ನಾಳಗಳಿಗೆ ಪರ್ಫೊರೇಟರ್ ಎಂಬ ಹೆಸರಿದೆ. ಎಲ್ಲದರೊಳಗೂ ಅಲ್ಲಲ್ಲಿ ಎರಡು ಎಸಳಿನ ಕವಾಟಗಳಿದ್ದು, ರಕ್ತವನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ತಡೆಯುತ್ತವೆ. ಅಲುಗಾಡದೆ ನಿಂತಾಗ ಗಿಣ್ಣಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ಹಿಂಡಿ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸೋರಿದರೆ ಈ ಇಳಿಕೆ ಆಗುವುದಿಲ್ಲ. ಸಂಜೆಯ ಬಾವು, ಭಾರ, ತುರಿಕೆ, ಗಿಣ್ಣಿನ ಸುತ್ತ ಕಂದುಬಣ್ಣ, ಕೊನೆಗೆ ವಾಸಿಯಾಗದ ಹುಣ್ಣು ಎಲ್ಲವೂ ಆ ಇಳಿಯದ ಒತ್ತಡದ ಫಲ. ವಂಶ, ವಯಸ್ಸು, ಗರ್ಭಧಾರಣೆ, ಬೊಜ್ಜು ಕಾರಣಗಳ ಪಟ್ಟಿಯಲ್ಲಿವೆ. ಹೋಟೆಲ್ ಅಡುಗೆಯವರು, ಸಂಚಾರ ಪೊಲೀಸರು, ಶಿಕ್ಷಕರಂತೆ ದಿನವಿಡೀ ನಿಂತು ದುಡಿಯುವವರಿಗೆ ತೊಂದರೆ ಇನ್ನಷ್ಟು ಕಾಡುತ್ತದೆ.

ಈ ಕವಾಟಗಳನ್ನು ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ಚಿತ್ರಸಹಿತ ವಿವರಿಸಿದ್ದ. ಅವು ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ ಎಂದು ತೋರಿಸಿದವನು ಅವನ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ಸೋರುವ ಕವಾಟವನ್ನು ಜೀವಂತ ಕಾಲಿನಲ್ಲಿ ಪತ್ತೆಹಚ್ಚುವುದು ಮಾತ್ರ ಬಹುಕಾಲ ಕೈಯಂದಾಜಿನ ಕೆಲಸವಾಗಿಯೇ ಉಳಿಯಿತು. ಕಾಲೆತ್ತಿ ರಕ್ತ ಬರಿದಾಗಿಸಿ, ತೊಡೆಗೆ ಪಟ್ಟಿ ಬಿಗಿದು, ರೋಗಿಯನ್ನು ನಿಲ್ಲಿಸಿ, ನಾಳ ಎಷ್ಟು ಬೇಗ ತುಂಬುತ್ತದೆಂದು ನೋಡುವ ಪರೀಕ್ಷೆ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಹೆಸರಿನಲ್ಲಿದೆ. ವೈದ್ಯ ವಿದ್ಯಾರ್ಥಿಗಳು ಅದನ್ನು ಇಂದಿಗೂ ಕಲಿಯುತ್ತಾರೆ. ಅದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಇಳಿಯುವ ಕಾಲ ಮುಗಿದಿದೆ. ನಂತರ ಬಂದ ವೀನೋಗ್ರಫಿಯಲ್ಲಿ ಪಾದಕ್ಕೆ ಬಣ್ಣದ್ರವ ಚುಚ್ಚಿ ಎಕ್ಸ್‌ರೇ ತೆಗೆಯಬೇಕಿತ್ತು. ಈ ಫಜೀತಿ ತಪ್ಪಿಸಿದ್ದು ಡ್ಯುಪ್ಲೆಕ್ಸ್ ಎಂದೂ ಕರೆಯುವ ಈ ಡಾಪ್ಲರ್ ಸ್ಕ್ಯಾನ್. ಚಲಿಸುವ ಮೂಲದಿಂದ ಬರುವ ಅಲೆಯ ಆವರ್ತನ ಬದಲಾಗುತ್ತದೆ ಎಂಬ, 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಪ್ರಾಗ್‌ನಲ್ಲಿ ಮಂಡಿಸಿದ ತತ್ವವನ್ನು ಅಲ್ಟ್ರಾಸೌಂಡ್ ಚಿತ್ರದೊಡನೆ ಕೂಡಿಸಿದ ಯಂತ್ರ ಅದು. 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯೂಜೀನ್ ಸ್ಟ್ರಾಂಡ್‌ನೆಸ್ ಅವರ ತಂಡ ಅದನ್ನು ರಕ್ತನಾಳಗಳ ಪರೀಕ್ಷೆಗೆ ಅಳವಡಿಸಿತು.

ಸ್ಕ್ಯಾನ್‌ನ ಜೀವಾಳ ರೋಗಿ ನಿಲ್ಲುವುದರಲ್ಲಿದೆ. ಮಲಗಿದ ಕಾಲಿನಲ್ಲಿ ನಾಳಗಳು ಅರ್ಧ ಬರಿದಾಗಿ ಕುಗ್ಗುತ್ತವೆ; ಕೆಳಕ್ಕೆ ಎಳೆಯುವ ಗುರುತ್ವಾಕರ್ಷಣೆಯೂ ಇಲ್ಲದಿರುವುದರಿಂದ ಸೋರುವ ಕವಾಟವೂ ಸರಿಯಿದ್ದಂತೆ ಕಾಣಬಹುದು. ಆದ್ದರಿಂದ ಪರೀಕ್ಷಿಸದ ಕಾಲಿನ ಮೇಲೆ ಭಾರ ಹಾಕಿ, ಪರೀಕ್ಷಿಸುವ ಕಾಲನ್ನು ತುಸು ಹೊರಕ್ಕೆ ತಿರುಗಿಸಿ, ಮಂಡಿ ಸಡಿಲಬಿಟ್ಟು ನಿಲ್ಲಿಸುತ್ತಾರೆ. ಜೆಲ್ ಹಚ್ಚಿ ತೊಡೆಸಂದಿಗೆ ಪ್ರೋಬ್ ಇಟ್ಟು, ಇನ್ನೊಂದು ಕೈಯಿಂದ ಮೀನಖಂಡವನ್ನು ಒಮ್ಮೆ ಹಿಂಡಿ ಬಿಡುತ್ತಾರೆ. ಹಿಂಡಿದಾಗ ರಕ್ತ ಮೇಲಕ್ಕೆ ನುಗ್ಗುತ್ತದೆ, ಬಿಟ್ಟಾಗ ಕೆಳಗಿಳಿಯಲು ನೋಡುತ್ತದೆ. ಆರೋಗ್ಯವಂತ ಕವಾಟ ತಕ್ಷಣ ಮುಚ್ಚಿಕೊಳ್ಳುತ್ತದೆ. ಮೇಲ್ಪದರದ ನಾಳದಲ್ಲಿ ಹಿಮ್ಮುಖ ಹರಿವು ಅರ್ಧ ಸೆಕೆಂಡಿಗಿಂತ ಹೆಚ್ಚು ಮುಂದುವರಿದರೆ ಅದು ದೋಷ. ತೊಡೆ ಮತ್ತು ಮಂಡಿಯ ಆಳದ ನಾಳಗಳಿಗೆ ಈ ಮಿತಿ ಒಂದು ಸೆಕೆಂಡ್. ಸೋರಿಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ನಾಳದ ವ್ಯಾಸವೆಷ್ಟು, ಯಾವ ಪರ್ಫೊರೇಟರ್ ಕೆಟ್ಟಿದೆ ಎಂದು ಹೀಗೆ ಇಂಚಿಂಚಾಗಿ ಕೆಳಗಿಳಿಯುತ್ತ ಗುರುತಿಸಬೇಕು. ಸ್ಮಾಲ್ ಸ್ಯಾಫಿನಸ್ ಆಳದ ನಾಳವನ್ನು ಸೇರುವ ಎತ್ತರ ಒಬ್ಬೊಬ್ಬರಲ್ಲಿ ಒಂದೊಂದು ತೆರ, ಕೆಲವರಲ್ಲಿ ಮಂಡಿಯ ಹಿಂದೆ ಸೇರುವುದೇ ಇಲ್ಲ. ಹಲವು ಬಾರಿ ಹೆತ್ತ ಮಹಿಳೆಯರಲ್ಲಿ ಸೋರಿಕೆ ಕಿಬ್ಬೊಟ್ಟೆಯ ನಾಳಗಳಿಂದಲೇ ಇಳಿದು ಬಂದಿರಬಹುದು. ಇದನ್ನೆಲ್ಲ ಐದು ನಿಮಿಷದಲ್ಲಿ ಮುಗಿಸಲಾಗದು.

ಪರದೆಯ ಮೇಲಿನ ಕೆಂಪು, ನೀಲಿ ಬಣ್ಣಗಳನ್ನು ನೋಡಿ ಶುದ್ಧ ರಕ್ತ, ಅಶುದ್ಧ ರಕ್ತ ಎಂದುಕೊಳ್ಳುವವರಿದ್ದಾರೆ. ಬಣ್ಣ ಹೇಳುವುದು ದಿಕ್ಕನ್ನು ಮಾತ್ರ: ಪ್ರೋಬ್‌ನತ್ತ ಬರುವ ಹರಿವಿಗೆ ಒಂದು ಬಣ್ಣ, ದೂರ ಸರಿಯುವುದಕ್ಕೆ ಇನ್ನೊಂದು. ಗುಂಡಿ ಒತ್ತಿದರೆ ಎರಡೂ ಅದಲುಬದಲಾಗುತ್ತವೆ.

ಇದೇ ವೇಳೆ ಆಳದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದೂ ನೋಡಲಾಗುತ್ತದೆ. ವಿಧಾನ ಸರಳ. ಪ್ರೋಬ್ ಒತ್ತಿದರೆ ಆರೋಗ್ಯವಂತ ಅಭಿಧಮನಿ ಪೂರ್ತಿ ಚಪ್ಪಟೆಯಾಗಿ ಮುಚ್ಚುತ್ತದೆ, ಹೆಪ್ಪು ತುಂಬಿದ್ದರೆ ಮುಚ್ಚುವುದಿಲ್ಲ. ಈ ಹಂತವನ್ನು ಬಿಡುವಂತಿಲ್ಲ. ಆಳದ ದಾರಿ ಕಟ್ಟಿಕೊಂಡ ಕಾಲಿನಲ್ಲಿ ಉಬ್ಬಿದ ಮೇಲ್ಪದರದ ನಾಳವೇ ರಕ್ತಕ್ಕೆ ಬದಲಿ ಮಾರ್ಗವಾಗಿರಬಹುದು. ಚಿಕಿತ್ಸೆಯ ಹೆಸರಿನಲ್ಲಿ ಅದನ್ನು ಮುಚ್ಚಿಬಿಟ್ಟರೆ ಕಾಲು ಇನ್ನಷ್ಟು ಹದಗೆಡುತ್ತದೆ.

ಚಿಕಿತ್ಸೆಯೂ ಈಗ ಈ ಯಂತ್ರವನ್ನೇ ನೆಚ್ಚಿದೆ. ತೊಡೆಸಂದು ಕೊಯ್ದು ನಾಳ ಕಿತ್ತು ತೆಗೆಯುವ ಪದ್ಧತಿ ಹಿಂದೆ ಸರಿದು, ಲೇಸರ್ ಅಥವಾ ರೇಡಿಯೋತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚುವ ಕ್ರಮ ಬಂದಿದೆ. ನಾಳಕ್ಕೆ ಸೂಜಿ ಚುಚ್ಚುವುದು, ಲೇಸರ್ ತಂತುವಿನ ತುದಿಯನ್ನು ಆಳದ ನಾಳದಿಂದ ಎರಡು ಸೆಂಟಿಮೀಟರಿನಷ್ಟಾದರೂ ದೂರ ನಿಲ್ಲಿಸುವುದು, ಸುತ್ತ ಅರಿವಳಿಕೆ ದ್ರವ ತುಂಬುವುದು ಎಲ್ಲವೂ ಸ್ಕ್ಯಾನ್ ನೋಡುತ್ತಲೇ ನಡೆಯುತ್ತದೆ. ನೊರೆಮದ್ದು ಚುಚ್ಚುವ ಫೋಮ್ ಚಿಕಿತ್ಸೆಯೂ ಹಾಗೆಯೇ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ರೋಗನಿರ್ಣಯಕ್ಕೂ ಚಿಕಿತ್ಸೆಯ ಯೋಜನೆಗೂ ಡ್ಯುಪ್ಲೆಕ್ಸ್ ಸ್ಕ್ಯಾನ್ ಮಾಡಬೇಕೆಂದಿತು. ಚಿಕಿತ್ಸೆಯ ಸಾಲಿನಲ್ಲಿ ಶಾಖಕ್ಕೆ ಮೊದಲ, ಫೋಮ್‌ಗೆ ಎರಡನೆಯ, ಕೊಯ್ತಕ್ಕೆ ಕೊನೆಯ ಸ್ಥಾನ ಕೊಟ್ಟಿತು.

ಕರ್ನಾಟಕದ ಯಾವುದೇ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ ಎಂಬ ಫಲಕ ಇರುತ್ತದೆ. ಕಾಲು ನೋಡಲು ತಂದ ಅಲ್ಟ್ರಾಸೌಂಡ್ ಯಂತ್ರಕ್ಕೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯಡಿ ನೋಂದಣಿ ಬೇಕು. ಕಾಲುನೋವಿಗೆ ಹೋದವರಿಗೆ ಇದು ವಿಚಿತ್ರವೆನಿಸಿದರೂ, ಪ್ರೋಬ್ ಬದಲಿಸಿದರೆ ಅದೇ ಯಂತ್ರ ಗರ್ಭವನ್ನೂ ತೋರಿಸುವುದರಿಂದ ಈ ಬಿಗಿ ಅಗತ್ಯವೇ.

ನೋವು, ಬಾವು ಏನೂ ಇಲ್ಲದೆ ಚರ್ಮದ ಮೇಲೆ ಜೇಡನ ಬಲೆಯಂಥ ಸಣ್ಣ ಗೆರೆಗಳಷ್ಟೇ ಇದ್ದರೆ ಸ್ಕ್ಯಾನ್‌ಗೆ ಅವಸರವಿಲ್ಲ. ಉಬ್ಬಿದ ನಾಳದೊಂದಿಗೆ ನೋವು, ಚರ್ಮದ ಬಣ್ಣ ಬದಲಾವಣೆ, ರಕ್ತಸ್ರಾವ ಅಥವಾ ಹುಣ್ಣು ಇದ್ದರೆ ಬೇಕೇ ಬೇಕು. ಖಾಲಿ ಹೊಟ್ಟೆಯ ಅಗತ್ಯವಿಲ್ಲ, ವಿಕಿರಣವಿಲ್ಲ, ಗರ್ಭಿಣಿಯರಿಗೂ ಮಾಡಬಹುದು. ವೆರಿಕೋಸ್ ವೇನ್‌ಗೆಂದು ಹೋದವರನ್ನು ಮಲಗಿಸಿಯೇ ಕಳಿಸಿದರೆ, ನಿಲ್ಲಿಸಿ ನೋಡಿದ ವರದಿ ಬೇಕೆಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಹೆಪ್ಪಿನ ಶಂಕೆಯಿರುತ್ತದೆ. ಆಗ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.