ನಿಮಗಿದು ಗೊತ್ತೆ? ಪೈಲಟ್‌ನ ಅಡ್ಡಹೆಸರು ಒಡೆಯನದು!

ಯುದ್ಧವಿಮಾನ ಹಾರಿಸಿದ ಮೊದಲ ಕಪ್ಪು ಅಮೆರಿಕನ್ ಎಂದು ಹೆಸರಾದ ಯೂಜೀನ್ ಬುಲಾರ್ಡ್ (1895–1961), ತಂದೆಯ ಪೂರ್ವಿಕರು ಫ್ರೆಂಚರ ಮಾರ್ಟಿನಿಕ್ ದ್ವೀಪದವರೆಂದು ನಂಬಿದ್ದರು. ಜನಗಣತಿಯ ಕಡತ ಬೇರೆಯೇ ಹೇಳುತ್ತದೆ: ತಂದೆ ವಿಲಿಯಂ ಹುಟ್ಟಿದ್ದು ಜಾರ್ಜಿಯಾದ ಗುಲಾಮರ ಮನೆಯಲ್ಲಿ; ಬುಲಾರ್ಡ್ ಎಂಬ ಅಡ್ಡಹೆಸರೂ ಒಡೆಯನದೇ. ಹಾಗೆಂದು ಮನೆಯವರ ಮಾತನ್ನು ಬರೀ ಸುಳ್ಳೆಂದು ತಳ್ಳಿಹಾಕುವುದು ಅವಸರವಾದೀತು. 1850 ಮತ್ತು 1860ರ ಗಣತಿಯಲ್ಲಿ ಗುಲಾಮರ ವಯಸ್ಸು, ಲಿಂಗ, ಮೈಬಣ್ಣ ಬರೆದರೇ ಹೊರತು ಸಾಮಾನ್ಯವಾಗಿ ಹೆಸರು ಬರೆಯಲಿಲ್ಲ (ಒಡೆಯನ ಹೆಸರು ಮಾತ್ರ ತಪ್ಪಲಿಲ್ಲ!). ಆ ಖಾಲಿ ಜಾಗವನ್ನು ಮನೆಯವರು ಕಥೆಯಿಂದ ತುಂಬಿಕೊಂಡಿದ್ದರೆ ಅಚ್ಚರಿಯೇನು?

ಹೆಸರನ್ನೇ ಬರೆಯದ ಕಾಗದವನ್ನು ನಂಬುವುದಾದರೂ ಏಕೆ ಎನ್ನಬಹುದು. ಆದರೆ 1870ರಿಂದ, ಹಿಂದೆ ಗುಲಾಮರಾಗಿದ್ದವರದ್ದೂ ಸೇರಿ ಎಲ್ಲರ ಹೆಸರು, ಹುಟ್ಟಿದ ರಾಜ್ಯಗಳನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಹಾಗಾಗಿ ಜಾರ್ಜಿಯಾದ ಸಾಕ್ಷ್ಯವೇ ಗಟ್ಟಿ. ಆದರೂ ಫ್ರಾನ್ಸಿನಲ್ಲಿ ಬಣ್ಣ ನೋಡಿ ಮನುಷ್ಯರನ್ನು ಅಳೆಯುವುದಿಲ್ಲವೆಂದು ತಂದೆ ಹೇಳಿದ ಮಾತೇ ಹುಡುಗನನ್ನು ಮನೆ ಬಿಡಿಸಿ ಕಡಲಾಚೆಗೆ ಕಳಿಸಿತು. 1917ರಲ್ಲಿ ಅವರು ಫ್ರೆಂಚ್ ಪೈಲಟ್ ಆದರು. ಆಗ ತನ್ನ ಸೇನೆಯ ವಿಮಾನದಳ ಸೇರಲು ಅವರು ಹಾಕಿದ ಅರ್ಜಿಯನ್ನು ಒಲ್ಲದ ಅಮೆರಿಕ ಸೆಕೆಂಡ್ ಲೆಫ್ಟಿನೆಂಟ್ ಪದವಿ ಕೊಟ್ಟದ್ದು 1994ರಲ್ಲಿ, ಅವರು ತೀರಿಕೊಂಡ 33 ವರ್ಷಗಳ ಮೇಲೆ.