ಹೊಳೆಯ ದಾರಿಯಲ್ಲಿ ಸೈಕಲ್ ಸವಾರಿ: ರಾಯಬಾಗ ಸೀಮೆಯಿಂದ ನಾವು ಕಲಿಯಬೇಕಾದದ್ದು

ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಪಟ್ಟಣದ ತರುಣರು ಗುಂಪು ಕಟ್ಟಿಕೊಂಡು ಸೈಕಲ್ ಮೇಲೆ ನಮ್ಮ ತೋಟದ ರಸ್ತೆಗಳಿಗೆ ಬರುತ್ತಿದ್ದಾರೆ. ಇವರಿಂದ ಚಿಕ್ಕ ಹಿಡುವಳಿದಾರನಿಗೆ ನಾಲ್ಕು ಕಾಸಿನ ಅನುಕೂಲ ಉಂಟೇ? ಇದನ್ನು ನಂಬಿ ಸಾಲ ತೆಗೆದು ಎರಡು ಕೊಠಡಿ ಕಟ್ಟಬಹುದೇ?

ಪ್ರಶ್ನೆ ಸಣ್ಣದಲ್ಲ. ಧಾರಣೆ ಏರಿದ ವರ್ಷ ಕೈಗೆ ಬಂದ ಹಣ ಸಿಮೆಂಟಿಗೆ ಹೋಗಿ, ಧಾರಣೆ ಇಳಿದ ವರ್ಷ ಬಡ್ಡಿ ಮಾತ್ರ ಉಳಿದ ಮನೆಗಳನ್ನು ನಾವೆಲ್ಲ ಬಲ್ಲೆವು. ಆದಕಾರಣ ಉತ್ತರ ಹೇಳುವ ಮುನ್ನ ಸೈಕಲ್ ದಾರಿ ಎಂದರೇನು, ಅದು ಯಾವುದರಿಂದ ಒಳ್ಳೆಯದಾಗುತ್ತದೆ, ಯಾವುದರಿಂದ ಕೆಡುತ್ತದೆ ಎಂಬುದನ್ನು ತಿಳಿಯಬೇಕು. ಇದಕ್ಕಾಗಿ ನಾವು ಬೇಕೆಂದೇ ಕಾಫಿ ಗಿಡ ಕಾಣದ ಸೀಮೆಯೊಂದನ್ನು ಆರಿಸಿಕೊಂಡಿದ್ದೇವೆ. ಅದು ಬೆಳಗಾವಿ ಜಿಲ್ಲೆಯ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಹೊಳೆಸಾಲು. ಸ್ವಂತ ಊರಿನ ರಸ್ತೆಯನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಪರಊರಿನ ರಸ್ತೆ ನೋಡಿ ಬಂದ ಮೇಲೆ ನಮ್ಮದು ಕಾಣತೊಡಗುತ್ತದೆ.

ನೆಲದ ಗುಣ

ಈ ಸೀಮೆಯ ನೀರೆಲ್ಲ ನಮ್ಮದೇ ಸಹ್ಯಾದ್ರಿಯಿಂದ ಇಳಿದದ್ದು. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ದೂಧಗಂಗಾ, ವೇದಗಂಗಾ ನದಿಗಳು ಪಡುವಣ ಘಟ್ಟದಲ್ಲಿ ಹುಟ್ಟಿ, ಭೋಜ ಗ್ರಾಮದ ಬಳಿ ಒಂದಾಗಿ, ಮುಂದೆ ಯಡೂರ ಸಮೀಪ ಕೃಷ್ಣೆಯನ್ನು ಸೇರುತ್ತವೆ. ಎಲ್ಲವೂ ಪಡುವಣದಿಂದ ಮೂಡಣಕ್ಕೆ ಹರಿಯುವುದರಿಂದ ನೆಲವೂ ಅದೇ ದಿಕ್ಕಿಗೆ ಮೆಲ್ಲಗೆ ಇಳಿಯುತ್ತದೆ.

ಸೈಕಲ್ ಸವಾರನಿಗೆ ಇದೇ ಮೊದಲ ಪಾಠ. ಹೊಳೆಯ ಗುಂಟ ಸಾಗುವ ರಸ್ತೆಯಲ್ಲಿ ಏರು ಕಡಿಮೆ. ಹೊಳೆಯಿಂದ ಹೊಳೆಗೆ ಅಡ್ಡ ಹಾಯುವ ರಸ್ತೆಯಲ್ಲಿ ದಿಣ್ಣೆ ಹತ್ತಲೇಬೇಕು. 20 ಅಡಿ ಸಾಗಿದರೆ 1 ಅಡಿ ಏರುವ ರಸ್ತೆ ಮೋಟಾರಿಗೆ ಲೆಕ್ಕಕ್ಕಿಲ್ಲ, ಆದರೆ ಚೀಲ ಹೊತ್ತ ಸೈಕಲ್ಲಿಗೆ ಅದು ಬೆವರಿಳಿಸುವ ಘಟ್ಟ. ಗಾಳಿಯೂ ಹಾಗೆಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಮೂಡಣಕ್ಕೆ ಹೊರಟವನನ್ನು ಗಾಳಿಯೇ ನೂಕುತ್ತದೆ. ಪಡುವಣಕ್ಕೆ ಹೊರಟವನು ಅದೇ ದಾರಿಗೆ ಎರಡು ಪಟ್ಟು ದಣಿಯುತ್ತಾನೆ.

ಕಾಡು ಬೇಕೆನ್ನುವವರು ನಿಪ್ಪಾಣಿಯಿಂದ ಪಡುವಣಕ್ಕೆ ಹೋಗಬೇಕು. ಮುರಗೂಡ, ಗಾರಗೋಟಿಯ ಮೂಲಕ ವೇದಗಂಗೆಯ ಕಣಿವೆಯಲ್ಲಿ ಮೇಲೇರಿದಂತೆ ಕಬ್ಬು ಕಡಿಮೆಯಾಗಿ ಘಟ್ಟದ ಹಸಿರು ಹತ್ತಿರವಾಗುತ್ತದೆ. ಕಾಡುಕೋಣಗಳಿಗಾಗಿ 1958ರಲ್ಲಿ ಕಾಯ್ದಿಟ್ಟ ರಾಧಾನಗರಿಯ ಅಭಯಾರಣ್ಯವೂ ಆ ಕಡೆಯೇ. ನಿಪ್ಪಾಣಿಯಿಂದ ಕೆಳಕ್ಕೆ ಕಾಡಿಲ್ಲ. ದಂಡೆಯ ಮರಗಳು, ಕಬ್ಬು, ಜೋಳ, ತಂಬಾಕು, ಕರಿ ಎರೆಭೂಮಿ, ಇಷ್ಟೇ. ಆದರೆ ಈ ಬಯಲಿನಲ್ಲಿ ಬೇರೊಂದು ಸಂಪತ್ತಿದೆ.

ದಾರಿಯ ಊರುಗಳು

ಮೊದಲ ದಾರಿ ನಿಪ್ಪಾಣಿಯಿಂದ ಭೋಜ, ಸದಲಗಾ ಕಡೆಯಿಂದ ಯಡೂರಿಗೆ. ನಿಪ್ಪಾಣಿ ತಂಬಾಕಿನ ಪೇಟೆ. 1981ರಲ್ಲಿ ನ್ಯಾಯವಾದ ಬೆಲೆಗಾಗಿ ಇಲ್ಲಿಯ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ ತಿಂಗಳ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಬೆಳೆಗಾರರಾದ ನಾವು ಈ ಊರನ್ನು ಸುಮ್ಮನೆ ಹಾದುಹೋಗಲಾರೆವು. ಭೋಜವು ಜೈನ ಆಚಾರ್ಯ ಶಾಂತಿಸಾಗರರ ಮನೆತನದ ಊರು. ಸದಲಗಾದಲ್ಲಿ 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದರು. ಯಡೂರಿನಲ್ಲಿ ಕೃಷ್ಣೆಯ ದಡದ ಮೇಲೆ ವೀರಭದ್ರ ದೇವಸ್ಥಾನವಿದೆ.

ಯಡೂರಿಗೂ ಗಡಿಯಾಚೆಯ ಖಿದ್ರಾಪುರಕ್ಕೂ ಒಂದು ನಂಟು ಹೇಳುತ್ತಾರೆ. ಖಿದ್ರಾಪುರದ ಕೋಪೇಶ್ವರ ದೇವಾಲಯದ ಎದುರಿಗೆ ನಂದಿ ಇಲ್ಲ. ಸತಿದೇವಿ ದಕ್ಷನ ಯಜ್ಞಕ್ಕೆ ನಂದಿಯನ್ನೇರಿ ಹೋದಳು, ಆ ನಂದಿ ಯಡೂರಿನಲ್ಲೇ ಉಳಿಯಿತು ಎಂಬುದು ಐತಿಹ್ಯ. ಈ ದೇವಾಲಯ ಶಿಲಾಹಾರರ ಕಾಲದ್ದು. ಅದರ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುವೆ ಮೇಲ್ಛಾವಣಿ ಇಲ್ಲದೆ ಆಕಾಶವೇ ಕಾಣುವ ದುಂಡಗಿನ ತೆರಪು. ದೇವಾಲಯ ಇಂದು ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು.

ಎರಡನೆಯ ದಾರಿ ರಾಯಬಾಗದಿಂದ ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳ ಮೂಲಕ ಕಾಗವಾಡಕ್ಕೆ. ರಾಯಬಾಗ ರಟ್ಟ ಅರಸರ ಶಾಸನವಿರುವ ಹಳೆಯ ಊರು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಸುಮಾರಿಗೆ ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಭಕ್ತರು ಬರುತ್ತಾರೆ. ಕುಡಚಿಯ ಆಚೆ ಕೃಷ್ಣೆಯನ್ನು ದಾಟಿದರೆ ಸಕ್ಕರೆಯ ಊರಾದ ಉಗಾರ. ಮುಂದೆ 1925ರಲ್ಲಿ ಮುನಿ ವಿದ್ಯಾನಂದರು ಹುಟ್ಟಿದ ಶೇಡಬಾಳ. ಸಮಯವಿದ್ದವರು ಅಥಣಿಗೂ ಹೋಗಬಹುದು. ಅಲ್ಲಿಯ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿಯೇ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಪಾಲು ಪಡೆದವು.

ಈ ಎರಡನೆಯ ದಾರಿಗೆ ಒಂದು ದೊಡ್ಡ ಅನುಕೂಲವಿದೆ. ಲೋಂಡಾ-ಮಿರಜ್ ರೈಲುಮಾರ್ಗ ಇದರ ಪಕ್ಕದಲ್ಲೇ ಸಾಗುತ್ತದೆ. ದಣಿದವನು, ಚಕ್ರ ಮುರಿದವನು ಮುಂದಿನ ನಿಲ್ದಾಣದಲ್ಲಿ ಗಾಡಿ ಹಿಡಿಯಬಹುದು. ನಮ್ಮ ಕಡೆಯಿಂದ ಹೋಗುವವರಿಗೆ ಬೀರೂರು, ದಾವಣಗೆರೆ, ಹುಬ್ಬಳ್ಳಿ ಮಾರ್ಗವಾಗಿ ಮಿರಜ್ ಕಡೆಗೆ ಸಾಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಸೈಕಲ್ಲನ್ನು ಲಗೇಜು ಮಾಡಿಸಿ ಬ್ರೇಕ್‌ವ್ಯಾನಿನಲ್ಲಿ ಹಾಕಿಸಬೇಕು.

ಮಳೆ ಇಲ್ಲದೆ ಬರುವ ಹೊಳೆ

ಇನ್ನು ಅಪಾಯದ ಮಾತು. ಮಲೆನಾಡಿನ ನಮಗೆ ಹೊಳೆ ಏರಿದೆಯೇ ಎಂದು ತಿಳಿಯಲು ಆಕಾಶ ನೋಡಿದರೆ ಸಾಕು. ರಾಯಬಾಗದಲ್ಲಿ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಬೀಳುವ ಮಳೆ ನಮ್ಮ ಮಳೆಯ ಕಾಲು ಭಾಗವೂ ಅಲ್ಲ. ಹೊಳೆಗೆ ಬರುವ ನೀರು ದೂರದ ಘಟ್ಟದ್ದು. ಅಲ್ಲಿ ಮಳೆ ಬಿದ್ದು ಕೊಯ್ನಾ ಮುಂತಾದ ಜಲಾಶಯಗಳಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಉಬ್ಬುತ್ತದೆ. ಕೃಷ್ಣೆಯ ದಡದ ಹಿರಿಯರೊಬ್ಬರು ನಮಗೆ ಹೇಳಿದ್ದು ಇಷ್ಟೇ: “ಇಲ್ಲಿ ಮಳಿ ಇಲ್ಲಂತ ನಂಬಬ್ಯಾಡ್ರಿ. ಮ್ಯಾಲ ಮಳಿ ಆತಂದ್ರ ಹೊಳಿ ಬರತೈತ್ರಿ.”

ಕೃಷ್ಣೆಯ ಮೇಲಿನ ಕಲ್ಲೋಳ-ಯಡೂರ, ದೂಧಗಂಗೆಯ ಮೇಲಿನ ಕಾರದಗಾ-ಭೋಜ, ವೇದಗಂಗೆಯ ಮೇಲಿನ ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ ಇವೆಲ್ಲ ತಗ್ಗಿನ ಸೇತುವೆಗಳು. ಮಳೆಗಾಲದಲ್ಲಿ ಇವು ಮುಳುಗುವುದು ಆ ಜನಕ್ಕೆ ಹೊಸ ಸುದ್ದಿಯಲ್ಲ. 2005, 2019, 2021ರ ಮಹಾಪೂರಗಳಲ್ಲಿ ಮನೆ, ಬೆಳೆ, ದನಕರುಗಳಿಗೂ ಒದಗಿದ ಕಷ್ಟ ದೊಡ್ಡದು. ಸೇತುವೆಯ ಮೇಲೆ ಹರಿಯುವ ಮೊಣಕಾಲೆತ್ತರದ ನೀರು ಸವಾರನ ಕಾಲು ಕೀಳಬಲ್ಲದು. ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣುವುದೂ ಇಲ್ಲ. ಆದಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ದಾಟುವ ಮುನ್ನ ಊರವರನ್ನು ಕೇಳಬೇಕು, ಬೇಡವೆಂದರೆ ಹಿಂದಿರುಗಬೇಕು.

ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಆದರೆ ಅದೇ ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳು ರಸ್ತೆಯಲ್ಲಿರುತ್ತವೆ. ಕತ್ತಲಾದ ಮೇಲೆ ಸವಾರಿ ಸಲ್ಲದು. ಜಾಲಿಯ ಮುಳ್ಳಿಗಾಗಿ ಪಂಕ್ಚರ್ ಸಾಮಾನು ಜೊತೆಗಿರಲಿ. ಎರೆಯ ಮಣ್ಣು ಒದ್ದೆಯಾದರೆ ಚಕ್ರ ತಿರುಗಗೊಡದು. ಮಳೆ ಬಂದ ದಿನ ಡಾಂಬರು ಬಿಟ್ಟು ಇಳಿಯಬೇಡಿ.

ನಮಗೆ ಬೇಕಾದ ಲೆಕ್ಕ

ಸಾಮಾನ್ಯ ಸವಾರ ಗಂಟೆಗೆ ಸುಮಾರು 15 ಕಿ.ಮೀ. ಸಾಗುತ್ತಾನೆ, ದಿನಕ್ಕೆ 50-60 ಕಿ.ಮೀ. ಅವನ ಮಿತಿ. ಕಾರಿನಲ್ಲಿ ಹೋಗುವವನು ಇಷ್ಟು ದೂರವನ್ನು ಎಲ್ಲೂ ಇಳಿಯದೆ ದಾಟುತ್ತಾನೆ. ಸೈಕಲ್ಲಿನವನು ಗಂಟೆಗೊಮ್ಮೆ ನಿಲ್ಲುತ್ತಾನೆ, ನೀರು ಕುಡಿಯುತ್ತಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ. ಪೆಟ್ರೋಲ್ ಬಂಕಿಗೆ ಹೋಗುವ ಹಣ ರೊಟ್ಟಿ, ಶೇಂಗಾ ಚಟ್ನಿ ಬಡಿಸುವ ಖಾನಾವಳಿಗೆ ಹೋಗುತ್ತದೆ. ಸಣ್ಣ ಊರಿಗೆ ಸೈಕಲ್ಲಿನಿಂದ ಆಗುವ ಉಪಕಾರ ಇದೇ. ಲಾಭ ಸಿಗುವುದು ಕೊಠಡಿಗಿಂತ ಮೊದಲು ಊಟ, ನೀರು, ನೆರಳುಗಳಲ್ಲಿ.

ನಮ್ಮಲ್ಲಿ ಒಂದು ತೊಡಕಿದೆ. ಸವಾರರಿಗೆ ಹಿತವಾದ ನವೆಂಬರ್-ಫೆಬ್ರವರಿಯೇ ನಮಗೆ ಕಾಫಿ ಕೊಯ್ಲು, ಅಡಿಕೆ ಸುಲಿತದ ಕಾಲ. ಆಳು ಸಿಗದೆ ಮನೆಯವರೇ ಕಣದಲ್ಲಿರುವಾಗ ಅತಿಥಿಗೆ ಬಡಿಸುವವರು ಯಾರು? ಹೆಚ್ಚಿನ ಮನೆಗಳಲ್ಲಿ ಆ ಹೊರೆ ಹೆಂಗಸರ ಮೇಲೆ ಬೀಳುತ್ತದೆ. ಅವರನ್ನು ಕೇಳದೆ ಈ ಕೆಲಸಕ್ಕೆ ಇಳಿಯಬಾರದು. ಮಳೆಗಾಲದಲ್ಲಿ ಜನ ಬರುತ್ತಾರೆಂದರೆ ಅದು ಜಾರುವ ಘಟ್ಟ, ಉಕ್ಕುವ ಹಳ್ಳ, ಬೋರ್ಡೋ ಸಿಂಪಡಣೆಯ ಸಮಯ.

ಆದುದರಿಂದ ನಮ್ಮ ಸಲಹೆ ಹೀಗಿದೆ:

1. ಮೊದಲ ಎರಡು ವರ್ಷ ಸಾಲ ಮಾಡಿ ಏನನ್ನೂ ಕಟ್ಟಬೇಡಿ. ಇರುವ ಜಗುಲಿ, ಕುಡಿಯುವ ನೀರು, ಸ್ವಚ್ಛ ಶೌಚಾಲಯ, ನಮ್ಮದೇ ಕಾಫಿ, ಇಷ್ಟರಿಂದ ಆರಂಭಿಸಿ.

2. ಒಬ್ಬೊಬ್ಬರೇ ಹೊರಡುವ ಬದಲು ಒಂದೇ ರಸ್ತೆಯ ನಾಲ್ಕಾರು ಮನೆಯವರು ಕೂಡಿ, ಯಾರ ಮನೆಯಲ್ಲಿ ಊಟ, ಯಾರಲ್ಲಿ ವಿಶ್ರಾಂತಿ ಎಂದು ಹಂಚಿಕೊಳ್ಳಿ. ಸಹಕಾರದ ಅರ್ಥವೇ ಅದು.

3. ನಿಮ್ಮ ದಾರಿಯ ಏರು, ತಿರುವು, ಮುಳುಗುವ ಮೋರಿ, ಆನೆ ಓಡಾಡುವ ಜಾಗ ಇವನ್ನು ಬರೆದು ಮುಂಚಿತವಾಗಿ ತಿಳಿಸಿ. ಕೆಟ್ಟದ್ದನ್ನು ಮುಚ್ಚಿಟ್ಟು ಕರೆದರೆ ಒಂದು ಅವಘಡಕ್ಕೆ ಊರಿನ ಹೆಸರೇ ಹೋಗುತ್ತದೆ.

4. ಕಣದಲ್ಲಿ ಕಾಫಿ, ಅಡಿಕೆ ಒಣಗುವಾಗ ಸೈಕಲ್ ಒಳಗೆ ಬಿಡಬೇಡಿ; ಸಿಂಪಡಣೆಯ ದಿನ ತೋಟದ ದಾರಿ ಮುಚ್ಚಿ.

5. ರಾತ್ರಿ ಉಳಿಸಿಕೊಳ್ಳುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡೇ ಮುಂದುವರಿಯಿರಿ.

ಎರಡು ಸುಗ್ಗಿ ಕಳೆದ ಮೇಲೆ ಲೆಕ್ಕದ ಪುಸ್ತಕ ತೆರೆದು ನೋಡೋಣ. ಬಂದ ಹಣ ಮನೆಯವರ ದುಡಿಮೆಯ ಬೆಲೆಗಿಂತ ಹೆಚ್ಚಿದ್ದರೆ ಕೊಠಡಿಯ ಮಾತು ಆಡಬಹುದು. ಇಲ್ಲವಾದರೆ ಕಳೆದುಕೊಂಡದ್ದೇನೂ ಇಲ್ಲ. ಕೃಷ್ಣೆಯ ದಡದವರು ಮೇಲಿನ ಮಳೆಯನ್ನು ವಿಚಾರಿಸಿ ಹೊಳೆಗೆ ಇಳಿಯುತ್ತಾರೆ. ನಾವೂ ಹಾಗೆಯೇ ವಿಚಾರಿಸಿ ಹೆಜ್ಜೆ ಇಡೋಣ.